ಅಂಗಡಿಯಲ್ಲಿ ಹಾಡುವುದು, ಮನೆಯಲ್ಲಿ ಮೂಕ

ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಮೊದಲ ಬಸ್ಸು ಇನ್ನೂ ಗುರುಗುಟ್ಟಿಲ್ಲ. ಚಹಾದಂಗಡಿಯಲ್ಲಿ ಈಗಷ್ಟೇ ಹಾಲು ಕಾಯುತ್ತಿದೆ. ಎದುರಿನ ಸಂದಿಯಲ್ಲಿ ಒಂದು ಶಟರ್ ಮಾತ್ರ ಅರ್ಧ ಮೇಲೇರಿದೆ. ಒಳಗೆ ಶಮಶಾದಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿಚ್ಚಿಟ್ಟ ಲ್ಯಾಪ್‌ಟಾಪಿನ ಮೇಲೆ ಬಾಗಿ ಕಿವಿಯಿಟ್ಟಿದ್ದಾರೆ. ಅದರಿಂದ ಹಾಡು ಬರುತ್ತಿಲ್ಲ, ಮಾತೂ ಬರುತ್ತಿಲ್ಲ. ಸ್ಪೀಕರಿನ ಬೆನ್ನಿಗೆ ಅಂಟಿಕೊಂಡ ಸಣ್ಣದೊಂದು 'ಸುಂಯ್' ಸದ್ದನ್ನು ಅವರು ಹುಡುಕುತ್ತಿದ್ದಾರೆ.

"ಆಟೋ ಶುರು ಆದ್ವು ಅಂದ್ರ ಮುಗೀತ್ರಿ. ಸಪ್ಪಳದಾಗ ಕುಂತು ಸಪ್ಪಳದ ರೋಗ ಹೆಂಗ ಹಿಡೀಬೇಕು?" ಎನ್ನುತ್ತಾರೆ. ಕಿವಿ ಮಾತ್ರ ಅಲ್ಲೇ ಇದೆ.

ಈ ಅಂಗಡಿ ಅವರ ತಂದೆಯದು. ಆಗ ಇಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ನಡೆಯುತ್ತಿತ್ತು. ತಂದೆಯ ಕಣ್ಣು ಮಸುಕಾಗಿ, ಸಣ್ಣ ತಂತಿಗೆ ಬೆಸುಗೆ ಹಾಕಲು ಆಗದಂತಾದಾಗ ಮಗಳು ಪಕ್ಕದಲ್ಲಿ ಬಂದು ಕುಳಿತಳು. ಏಳನೆಯ ತರಗತಿಯ ಹಾಜರಿಯಲ್ಲಿ ಹೆಸರು ಉಳಿಯಿತು, ಹುಡುಗಿ ಅಂಗಡಿಗೆ ಬಂದಳು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ, ಜನ ಮೂಲೆಗೆಸೆದ ಕಂಪ್ಯೂಟರುಗಳನ್ನು ತಂದು ಬಿಚ್ಚಿ, ಕೂಡಿಸಿ, ಮತ್ತೆ ಬಿಚ್ಚಿ ಅವುಗಳ ಒಳಗುಟ್ಟು ಕಲಿತರು. ಕಲಿಸುವವರು ಯಾರೂ ಇರಲಿಲ್ಲ. ಕೆಟ್ಟ ಯಂತ್ರವೇ ಗುರು.

ಮೊದಮೊದಲು ಬಂದ ಗಿರಾಕಿಗಳು ಇವರನ್ನು ನೋಡಿ, "ಮಿಸ್ತ್ರಿ ಎಲ್ಲಿ ಹೋಗ್ಯಾನ?" ಎಂದು ಕೇಳುತ್ತಿದ್ದರಂತೆ. ಅವರು ಜಗಳಕ್ಕೆ ನಿಲ್ಲುತ್ತಿರಲಿಲ್ಲ. "ಹೊರಗ ಹೋಗ್ಯಾನ್ರಿ, ಮಷಿನ್ ಇಟ್ಟ ಹೋಗ್ರಿ," ಎನ್ನುವರು. ಮರುದಿನ ರಿಪೇರಿಯಾದ ಯಂತ್ರ ಕೈಗೆ ಕೊಟ್ಟು, "ಮಿಸ್ತ್ರಿ ಬಂದು ಹೋದ," ಎನ್ನುವರು. ಇಂದು ಸಿಂದಗಿ, ಇಂಡಿ ಕಡೆಯಿಂದಲೂ ಚಾದರದಲ್ಲಿ ಸುತ್ತಿದ ಲ್ಯಾಪ್‌ಟಾಪುಗಳು ಕಂಡಕ್ಟರುಗಳ ಕೈಯಲ್ಲಿ ಬರುತ್ತವೆ. ಕನ್ನೊಳ್ಳಿಯ ಭಜನಾ ಮೇಳದವರಂತೂ ಮೈಕು ಕೆಮ್ಮಿದರೂ ಇವರಿಗೇ ಫೋನು ಮಾಡುತ್ತಾರೆ. ಲಾರಿ ಓಡಿಸುವ ಗಂಡ ಮಾತ್ರ ನಗುತ್ತಾನೆ: "ಊರ ಮಂದಿ ಸಪ್ಪಳ ರಿಪೇರಿ ಮಾಡ್ತಾಳ್ರಿ. ಮನ್ಯಾಗಿನ ಸಪ್ಪಳ ಎಲ್ಲಾ ಅಕೀದ."

ಇಂಥ ಶಮಶಾದಬಿಯನ್ನೂ ಒಂದು ಯಂತ್ರ ಸುಸ್ತು ಮಾಡಿತ್ತು. ಅದು ಇಂಗಳೇಶ್ವರದ ವಿಜಯಲಕ್ಷ್ಮಿ ಅಕ್ಕಾರದು. ಸಾಲಿಯಲ್ಲಿ ಕಲಿಸುವ ಹೆಣ್ಣುಮಗಳಿಗೆ ಈ ಕಡೆ ಅಕ್ಕಾರು ಎನ್ನುತ್ತಾರೆ. ಅವರ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ ಆಗಲೇಬೇಕು, ಆದ ಮೇಲೆ ದನಿ ಉಳಿದೀತೆಂದು ಹೇಳಲಾಗದು ಎಂದು ಡಾಕ್ಟರು ತಿಳಿಸಿದ್ದರು. ದಿನ ಗೊತ್ತಾಗಿತ್ತು. ಅಷ್ಟರೊಳಗೆ ತಮ್ಮ ತರಗತಿಯ ಪದ್ಯ, ಪಾಠ, ಮಗ್ಗಿಗಳನ್ನೆಲ್ಲ ತಮ್ಮದೇ ದನಿಯಲ್ಲಿ ಹಿಡಿದಿಡಬೇಕೆಂದು ಅಕ್ಕಾರು ಹಟ ಹಿಡಿದಿದ್ದರು. ದನಿ ಆಗಲೇ ಎಷ್ಟು ಸಣ್ಣಗಾಗಿತ್ತೆಂದರೆ, ಮೊಬೈಲಿನಲ್ಲಿ ಹಿಡಿದರೆ ಫ್ಯಾನಿನ ಗಾಳಿಯೇ ಹೆಚ್ಚು ಕೇಳುತ್ತಿತ್ತು.

ಮನೆಯಲ್ಲೊಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಹೊಸ ವಿಂಡೋಸಿನ ಭಾರ ಹೊರಲಾರದ ಮುದಿ ಯಂತ್ರವಾದ್ದರಿಂದ ಅದಕ್ಕೆ ವಿಂಡೋಸಿನ ಬದಲು ಪುಕ್ಕಟೆ ಸಿಗುವ, ಹಗುರವಾದ ಲಿನಕ್ಸ್ ಹಾಕಿಸಿದ್ದರು. ಒಳಗಿನ ಸೌಂಡು ಸುಟ್ಟಿತ್ತು, ಬ್ಯಾಟರಿ ಸತ್ತಿತ್ತು. ಅಕ್ಕಾರ ತಮ್ಮ ಅಮಿತ ಒಂದು ಒಳ್ಳೆಯ ಮೈಕನ್ನೂ, ಲ್ಯಾಪ್‌ಟಾಪಿನ ಪಕ್ಕೆಯ ಸೀಳಿನಲ್ಲಿ ತೂರಿಸುವ ತಗಡಿನಂಥ ಸೌಂಡ್ ಕಾರ್ಡನ್ನೂ ಕೊಟ್ಟಿದ್ದ. ಮೊದಲ ದಿನ ಅದು ಸೊಗಸಾಗಿ ದನಿ ಹಿಡಿಯಿತು. ಮರುದಿನ ಮೂಕ. 'ಸೌಂಡ್ ಕಾರ್ಡ್ ಸಿಗಲಿಲ್ಲ' ಎಂದು ಪರದೆ ಹೇಳಿತು.

ಅಂಗಡಿಗೆ ತಂದರು. ಶಮಶಾದಬಿ ಹಚ್ಚಿದ ಕೂಡಲೇ ಹಾಡಿತು! ಸೀಳಿನ ಧೂಳು ಒರೆಸಿ ಕಳಿಸಿದರು. ಮನೆಯಲ್ಲಿ ಮತ್ತೆ ಮೂಕ. ಎರಡನೆಯ ಸಲ ಲಿನಕ್ಸಿನ ಒಳಹೊಕ್ಕು ದನಿಯ ಕೀಲಿಗಳನ್ನೆಲ್ಲ ಸರಿಪಡಿಸಿದರು. ಅಂಗಡಿಯಲ್ಲಿ ಕೋಗಿಲೆ, ಇಂಗಳೇಶ್ವರದಲ್ಲಿ ಕಲ್ಲು. ಪಕ್ಕದ ಮೊಬೈಲ್ ಅಂಗಡಿಯ ತಬ್ರೇಜ, "ಆಪಾ, ಆ ಲಿನಕ್ಸ್ ಕಿತ್ತು ಒಗೀರಿ. ಪುಕ್ಕಟೆ ಬಂದದ್ದು ಹಂಗ ಇರ್ತೈತಿ," ಎಂದು ಕಾಲೆಳೆದ. "ಕುಣಿಲಾರದಾಕಿ ನೆಲ ಡೊಂಕು ಅಂದ್ಳಂತ. ನಿನ್ನ ಚಾರ್ಜರ್ ಮಾರು ಹೋಗಪ್ಪಾ," ಎಂದರು ಇವರು. ಅಂದರೇನೋ ಅಂದರು, ಒಳಗೊಳಗೆ ಹೆದರಿಕೆ ಇತ್ತು. ಅಕ್ಕಾರ ದನಿ ಫೋನಿನಲ್ಲಿ ದಿನದಿಂದ ದಿನಕ್ಕೆ ಸವೆಯುತ್ತಿರುವುದು ಕೇಳಿಸುತ್ತಿತ್ತು.

ಆ ಸವೆದ ದನಿಯಲ್ಲೇ ಅಕ್ಕಾರು ಒಂದು ಮಾತು ಹೇಳಿದ್ದರು: "ನಗಬ್ಯಾಡ್ರಿ ಮತ್ತ. ಕರೆಂಟ್ ಹೋಗಿ ಬಂದ ದಿನ ಇದು ಮಾತಾಡ್ತೈತಿ. ಕರೆಂಟ್ ಹೋಗದ ದಿನ ಇಲ್ಲ."

ಈ ಮಾತು ಕೇಳಿದ ಉಳಿದವರು ನಕ್ಕಿದ್ದರು. ಶಮಶಾದಬಿ ನಗಲಿಲ್ಲ. ಮರುದಿನವೇ ಬಾಗೇವಾಡಿ ಬಸ್ಸು ಹತ್ತಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಇಂಗಳೇಶ್ವರಕ್ಕೆ ಹೋದರು. "ಮಷಿನ್ ನೋಡಿ ಸಾಕಾಗಿತ್ರಿ. ಮಂದಿ ಕೈ ನೋಡೋಣಂತ ಹೋದೆ," ಎನ್ನುತ್ತಾರೆ.

ಹೋದವರು ಯಂತ್ರವನ್ನು ಮುಟ್ಟಲಿಲ್ಲ. ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತ ನೋಡಿದರು. ಅಕ್ಕಾರು ಒಂದು ಪದ್ಯ ಓದಿದರು. ಆ ದಿನ ಬೆಳಿಗ್ಗೆ ಕರೆಂಟು ಹೋಗಿ ಬಂದಿತ್ತು, ದನಿ ಸಿಕ್ಕಿತು. ಗಂಟಲು ನೋಯತೊಡಗಿತು. ಲ್ಯಾಪ್‌ಟಾಪನ್ನು ಆರಿಸದೆ, ಬರೀ ಮುಚ್ಚಳ ಮುಚ್ಚಿ ಒಳಗೆ ಹೋದರು. ಆಗ ಅವರ ಅತ್ತೆ ಸಿದ್ದಲಿಂಗವ್ವ ಮೆಲ್ಲಗೆ ಬಂದರು. ಪಕ್ಕೆಯ ಕಾರ್ಡನ್ನು ಹಗುರವಾಗಿ ಎಳೆದರು. ಸೆರಗಿನಿಂದ ಒರೆಸಿ, ಬಿಳಿ ಅರಿವೆಯಲ್ಲಿ ಸುತ್ತಿ, ದೇವರ ಜಗಲಿಯ ಮೇಲಿಟ್ಟು ಕೈಮುಗಿದರು.

ಶಮಶಾದಬಿಯ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. "ಆಯಿ, ಅದನ್ಯಾಕ ತೆಗದ್ರಿ?"

"ಮುಟ್ಟಿ ನೋಡು ತಂಗಿ, ಹೆಂಗ ಸುಡಾಕತ್ತೇತಿ! ದುಡದದ್ದಕ್ಕ ನೊಗ ಇಳಸಬೇಕೋ ಬ್ಯಾಡೋ? ಗಳೆ ಬಿಟ್ಟ ಮ್ಯಾಲ ಎತ್ತಿನ ಕೊಳ್ಳಾಗ ನೊಗ ಬಿಡ್ತಾರೇನು? ಸೋಮವಾರ ಎತ್ತಿಗೂ ಸೂಟಿ, ಅವತ್ತಂತೂ ನಾ ಇದನ್ನ ಜಗಲಿ ಇಳಸೂದ ಇಲ್ಲ."

ಸೊಸೆಗೆ ಇದು ಗೊತ್ತಿತ್ತು. ಮತ್ತೆ ಓದಲು ಕುಳಿತಾಗ ಜಗಲಿಯಿಂದ ಕಾರ್ಡು ತಂದು ತೂರಿಸಿ, ಮುಚ್ಚಳ ತೆರೆಯುತ್ತಿದ್ದರು. ಮನೆಯ ನಡೆ, ಇದನ್ನೇನು ರಿಪೇರಿಯವರಿಗೆ ಹೇಳುವುದು ಎಂದು ಸುಮ್ಮನಿದ್ದರು.

ಗಂಟು ಅಲ್ಲೇ ಇತ್ತು. ಮುಚ್ಚಳ ಮುಚ್ಚಿದರೆ ಯಂತ್ರ ಸಾಯುವುದಿಲ್ಲ, ನಿದ್ದೆ ಹೋಗುತ್ತದೆ. ನಿದ್ದೆಯಲ್ಲಿದ್ದಾಗ ಪಕ್ಕೆಯ ಕಾರ್ಡು ತೆಗೆದು ಮತ್ತೆ ಇಟ್ಟರೆ, ಎದ್ದಾಗ ಈ ಹಳೆಯ ಲಿನಕ್ಸಿಗೆ ಗುರುತು ಸಿಗುತ್ತಿರಲಿಲ್ಲ. ಕರೆಂಟು ಹೋದ ದಿನ, ಬ್ಯಾಟರಿ ಇಲ್ಲದ ಯಂತ್ರ ಪೂರ್ತಿ ಆರಿ, ಹೊಸದಾಗಿ ಹೊತ್ತುವಾಗ ಪಕ್ಕೆಯನ್ನೆಲ್ಲ ತಡವಿ ನೋಡಿಕೊಳ್ಳುತ್ತಿತ್ತು. ಮುದ್ದೇಬಿಹಾಳಕ್ಕೂ ಅದು ಆರಿಯೇ ಬರುತ್ತಿತ್ತು. ಅದಕ್ಕೇ ಅಂಗಡಿಯಲ್ಲಿ ಹಾಡು.

ವಿಷಯ ತಿಳಿದು ಸಿದ್ದಲಿಂಗವ್ವನ ಮುಖ ಬಾಡಿತು. "ಅಯ್ಯ ಶಿವನ! ನನ್ನ ಕೈಲೇ ನನ್ನ ಸೊಸಿ ದನಿ ಕಟ್ಟಿದೆನೇನವ್ವಾ?"

"ನಿಮ್ಮ ಕೈ ತಪ್ಪಲ್ಲ ಆಯಿ," ಎಂದರು ಶಮಶಾದಬಿ. "ಈ ಮಷಿನ್‌ಗೆ ಹಿರೇರ ಸಂಗಾಟ ಬಾಳೇವು ಮಾಡಿ ರೂಢಿ ಇಲ್ಲ. ನಾ ಕಲಸ್ತೇನಿ ತಡೀರಿ."

'ಇನ್ನು ಮುಟ್ಟಬೇಡಿ' ಎಂದು ಹೇಳಿದ್ದರೆ ಒಂದೇ ಮಾತಿಗೆ ಮುಗಿಯುತ್ತಿತ್ತು. ಅವರು ಹೇಳಲಿಲ್ಲ. ಅಲ್ಲೇ ಪಡಸಾಲೆಯಲ್ಲಿ ಕುಳಿತು ನಾಲ್ಕಾರು ಸಾಲಿನ ಒಂದು ಆಜ್ಞೆ ಬರೆದು ಲಿನಕ್ಸಿನೊಳಗೆ ಕೂಡಿಸಿದರು: ನಿದ್ದೆಯಿಂದ ಎದ್ದಾಗಲೆಲ್ಲ ಹಳೆಯ ಕಾರ್ಡಿನ ನೆನಪು ಬಿಡು, ಪಕ್ಕೆಯನ್ನು ಹೊಸದಾಗಿ ತಡವು. ಮೊದಲ ಸಲ ಬರೆದದ್ದು ಕೂಡಲಿಲ್ಲ. ಯಂತ್ರ ಎದ್ದ ತಕ್ಷಣ ಹುಡುಕಿದರೆ ಕಾರ್ಡಿಗಿನ್ನೂ ಕರೆಂಟೇ ಮುಟ್ಟಿರುತ್ತಿರಲಿಲ್ಲ. ತುಸು ತಡೆದು ಹುಡುಕು ಎಂದು ತಿದ್ದಿದರು. ಸಿದ್ದಲಿಂಗವ್ವನ ಕೈಯಿಂದಲೇ ಕಾರ್ಡು ತೆಗೆಸಿದರು, ಜಗಲಿಗೆ ಇಡಿಸಿದರು, ಮರಳಿ ತೂರಿಸಿದರು. ಮುಚ್ಚಳ ತೆರೆದಾಗ ಅಕ್ಕಾರು, "ಒಂದೊಂದ್ಲೆ ಒಂದು," ಎಂದರು. ಪರದೆಯ ಮೇಲೆ ಹಸಿರು ಗೆರೆ ಕುಣಿಯಿತು. ಮುದುಕಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ಚಹಾಕ್ಕಿಟ್ಟರು.

"ಲಿನಕ್ಸಿನ ಗುಣನ ಅದು ನೋಡ್ರಿ," ಎನ್ನುತ್ತಾರೆ ಶಮಶಾದಬಿ. "ಬಗ್ಗಿಸಿದ್ರ ಬಗ್ಗತೈತಿ. ಆಯಿ ವಯಸ್ಸಿನಾಗ ಆಯೀನ ಯಾಕ ಬಗ್ಗಸಬೇಕು?" ಆ ಮೇಲಿಂದ ಅವರು ಯಾವ ಯಂತ್ರ ಬಂದರೂ ಮೊದಲು ಕೇಳುವುದು, "ಮನ್ಯಾಗ ಯಾರ್‍ಯಾರು ಮುಟ್ಟತೀರಿ?" ಎಂದು.

ಆಪರೇಷನ್ನಿಗೆ ಹೋಗುವ ಹಿಂದಿನ ದಿನದವರೆಗೂ ಅಕ್ಕಾರು ಓದಿದರು. ಗಡ್ಡೆ ಹೋಯಿತು, ಜೀವ ಉಳಿಯಿತು. ದನಿ ಇನ್ನೂ ಪಿಸುಮಾತಿನಿಂದ ಮೇಲೇರಿಲ್ಲ. ಈಗ ತರಗತಿಯಲ್ಲಿ ಅವರು ಹಲಗೆಯ ಮೇಲೆ ಬರೆಯುತ್ತಾರೆ, ಅವರ ದನಿ ಲ್ಯಾಪ್‌ಟಾಪಿನಿಂದ ಓದುತ್ತದೆ. ಸೋಮವಾರ ಕಾರ್ಡು ಜಗಲಿ ಇಳಿಯುವುದಿಲ್ಲ. ಆ ದಿನ ಮಕ್ಕಳೇ ಗಟ್ಟಿಯಾಗಿ ಓದುತ್ತಾರೆ, ಅಕ್ಕಾರು ಕೇಳುತ್ತಾರೆ.

ಮೊನ್ನೆ ಅಕ್ಕಾರು ಹೇಳಿಕಳಿಸಿದ್ದರಿಂದ ಶಮಶಾದಬಿ ಆ ಸಾಲಿಗೆ ಹೋಗಿದ್ದರು. ಮಕ್ಕಳ ಹಿಂದೆ ಗೋಡೆಗೊರಗಿ ಕುಳಿತಿದ್ದರು. ಹಾಜರಿ ಶುರುವಾಯಿತು. ಅದನ್ನೂ ಅಕ್ಕಾರು ದನಿ ಇದ್ದಾಗಲೇ ಹಿಡಿದಿಟ್ಟಿದ್ದರು. ಹೆಸರು ಬಂದಂತೆ ಒಂದೊಂದು ಮಗು ಎದ್ದು, "ಹಾಜರ್ರಿ ಅಕ್ಕಾರ" ಎಂದು ಯಂತ್ರಕ್ಕೆ ಉತ್ತರ ಕೊಡುತ್ತಿತ್ತು. ಕೊನೆಯ ಹುಡುಗಿಯೂ ಕುಳಿತ ಮೇಲೆ ದನಿ ನಿಲ್ಲಲಿಲ್ಲ. ಒಮ್ಮೆ ಉಸಿರೆಳೆದುಕೊಂಡು, ಇನ್ನೊಂದು ಹೆಸರು ಕರೆಯಿತು.

"ಶಮಶಾದಬಿ."

ಅಂಗಡಿಯಲ್ಲಿ ಕುಳಿತು ಇದನ್ನು ಹೇಳುವಾಗ ಅವರು ಕೈಯಲ್ಲಿದ್ದ ಬೆಸುಗೆಯ ಕಡ್ಡಿಯನ್ನು ಕೆಳಗಿಡುತ್ತಾರೆ. ಹೊರಗೆ ಮೊದಲ ಆಟೋ ಕೆಮ್ಮುತ್ತಿದೆ. ಎದ್ದು ಉತ್ತರ ಕೊಟ್ಟಿರೇನು ಎಂದು ಕೇಳಿದರೆ, ಮುಖ ಅರಳುತ್ತದೆ.

"ಕೊಡದ ಬಿಡ್ತೇನೇನ್ರಿ? ಏಳನೇ ಇಯತ್ತೆಯಿಂದ ಗೈರಹಾಜರಿ ಬಿದ್ದಾಕಿ ನಾನು."