ಪಾಲಿಸಿಯ ಕೊನೆಯ ಹಾಳೆ ಓದಿದ ವೆಲ್ಮಾ ಡೀನ್

ಆರ್ಕನ್ಸಾ ರಾಜ್ಯದಲ್ಲಿ ವೈಟ್ ನದಿ ಮೊಣಕೈ ಮಡಚಿದಂತೆ ತಿರುಗುವ ಕಡೆ ಕೋಲ್ಟರ್ ಬೆಂಡ್ ಎಂಬ ಊರು. ಅಲ್ಲಿ ವೆಲ್ಮಾ ಡೀನ್ ಟ್ಯಾಕೆಟ್ ಎಂಬ ಹೆಂಗಸು ಮೂವತ್ತೆಂಟು ವರ್ಷ ಒಂದೇ ವಿಮಾ ಕಚೇರಿಯಲ್ಲಿ ಕೆಲಸ ಮಾಡಿದಳು. ಏಜೆಂಟಳಲ್ಲ, ವಕೀಲಳೂ ಅಲ್ಲ, ಬರೀ ಗುಮಾಸ್ತೆ. ಹೈಸ್ಕೂಲು ಮುಗಿಸಿ ಟೈಪಿಂಗ್ ಕಲಿತವಳು, ಕೋಳಿ ಕಾರ್ಖಾನೆಯ ದುಡಿತ ತಪ್ಪಿದರೆ ಸಾಕೆಂದು ಅಲ್ಲಿ ಸೇರಿಕೊಂಡಿದ್ದಳು.

ಕಂಪನಿಯ ಮನೆ ವಿಮೆಯ ಪಾಲಿಸಿ ದೇಶಕ್ಕೆಲ್ಲ ಒಂದೇ ಅಚ್ಚು. ಕಾನೂನು ಮಾತ್ರ ರಾಜ್ಯಕ್ಕೊಂದು. ಹಾಗಾಗಿ ಪ್ರತಿ ಪಾಲಿಸಿಯ ಬೆನ್ನಿಗೆ, 'ಈ ರಾಜ್ಯದಲ್ಲಿ ಇಂತಿಂಥ ಸಾಲು ತೆಗೆದು ಇಂತಿಂಥ ಸಾಲು ಓದಿಕೊಳ್ಳಿ' ಎನ್ನುವ ಎರಡು ಪುಟದ ಹಾಳೆಯೊಂದು ಸೇರಬೇಕಿತ್ತು. ಅದಕ್ಕೆ ಪಿನ್ನು ಹೊಡೆಯುವುದು ವೆಲ್ಮಾ ಡೀನಳ ಕೆಲಸ. ಎಂಟು ವರ್ಷ ಹೊಡೆದಳು, ಒಮ್ಮೆಯೂ ಓದಲಿಲ್ಲ. ಅವಳ ಯಜಮಾನ ಗಾರ್ಲಂಡ್ ಯೋಕಮ್ ಕೂಡ ಓದಿದವನಲ್ಲ.

೧೯೮೬ರ ಅಕ್ಟೋಬರಿನಲ್ಲಿ ಕಾನೂನಿನಲ್ಲಿ ಯಾವುದೋ ಸಣ್ಣ ತಿದ್ದುಪಡಿಯಾಗಿ ಹೊಸ ಹಾಳೆಗಳ ಕಟ್ಟು ಬಂತು. ಹಳೆಯದು ಕಿತ್ತು ಹೊಸದು ಸೇರಿಸಬೇಕು. ಏನು ಬದಲಾಗಿದೆಯೋ ನೋಡೋಣವೆಂದು ವೆಲ್ಮಾ ಡೀನ್ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ಓದತೊಡಗಿದಳು. ಎರಡರಲ್ಲೂ ಇದ್ದ ಒಂದು ಸಾಲಿಗೆ ಬಂದಾಗ ಬೆರಳು ನಿಂತಿತು. ಕಂಪನಿಯ ಮೇಲೆ ದಾವೆ ಹೂಡಲು ಪಾಲಿಸಿಯಲ್ಲಿ ಒಂದು ವರ್ಷದ ಗಡುವು ಇದೆಯಲ್ಲ, ಈ ರಾಜ್ಯದಲ್ಲಿ ಅದನ್ನು ಐದು ವರ್ಷವೆಂದು ಓದಿಕೊಳ್ಳತಕ್ಕದ್ದು.

ಅವಳಿಗೆ ಹೋಬರ್ಟ್ ಕ್ಲಿಂಗರನ ನೆನಪಾಯಿತು.

ಕ್ಲಿಂಗರ್ ಮರದ ಮಿಲ್ಲಿನಲ್ಲಿ ಗರಗಸಕ್ಕೆ ಹರಿತ ಕೊಡುತ್ತಿದ್ದವನು. ೮೩ರ ಫೆಬ್ರವರಿಯಲ್ಲಿ ಅವನ ಮನೆ ಸುಟ್ಟು ಬೂದಿಯಾಯಿತು. ಆಗ ಅವನು ಊರಲ್ಲಿರಲಿಲ್ಲ. ಹೆಂಡತಿ ನಾಡೀನಳನ್ನು ಲಿಟಲ್ ರಾಕಿನ ಆಸ್ಪತ್ರೆಯಲ್ಲಿ ಮಲಗಿಸಿ ಅವಳ ಪಕ್ಕದಲ್ಲೇ ಕುರ್ಚಿಯ ಮೇಲೆ ನಿದ್ದೆ ಮಾಡುತ್ತಿದ್ದ. ಅರವತ್ತು ದಿನಕ್ಕಿಂತ ಹೆಚ್ಚು ಕಾಲ ಮನೆ ಖಾಲಿ ಬಿದ್ದಿತ್ತು, ಆದ್ದರಿಂದ ಒಂದು ಬಿಡಿಗಾಸೂ ಇಲ್ಲ ಎಂದಿತು ಕಂಪನಿ. ಹೆಂಡತಿ ಸಾಯುತ್ತಿರುವಾಗ ಯಾರು ಜಗಳಕ್ಕೆ ಹೋಗುತ್ತಾರೆ? ಅವಳನ್ನು ಮಣ್ಣು ಮಾಡಿ, ಮರುವರ್ಷ ಬೇಸಿಗೆ ಕಳೆದ ಮೇಲೆ ಕ್ಲಿಂಗರ್ ಕಚೇರಿಗೆ ಬಂದು ಹ್ಯಾಟು ಕೈಯಲ್ಲಿ ಹಿಡಿದು ಕೇಳಿದ್ದ, "ಕೋರ್ಟಿಗೆ ಹೋಗ್ಬಹುದಾ ತಂಗಿ?" ವೆಲ್ಮಾ ಡೀನ್ ಪಾಲಿಸಿ ತೆಗೆದು ಒಳಗಿನ ಸಾಲು ಓದಿ ಹೇಳಿದ್ದಳು, "ಒಂದು ವರ್ಷ ಕಳೆದುಹೋಯ್ತು, ಮಿಸ್ಟರ್ ಹೋಬರ್ಟ್. ಇನ್ನೇನೂ ಮಾಡಕ್ಕಾಗಲ್ಲ." ಅವನು ಥ್ಯಾಂಕ್ಸ್ ಹೇಳಿ ಹೋಗಿದ್ದ. ಅದೇ ಪಾಲಿಸಿಯ ಬೆನ್ನಿಗೆ ಅವಳೇ ಪಿನ್ನು ಹೊಡೆದ ಹಾಳೆ ಇತ್ತು.

ಹಾಳೆ ಹಿಡಿದುಕೊಂಡು ಯಜಮಾನನ ಕೋಣೆಗೆ ಹೋಗಿ ಕ್ಲಿಂಗರನ ವಿಷಯ ಹೇಳಿದಳು. ಯೋಕಮ್ ಕನ್ನಡಕ ಏರಿಸಿ ಓದಿದ, ಇಳಿಸಿದ.

"ನೋಡು ವೆಲ್ಮಾ ಡೀನ್, ನಾವು ಪಾಲಿಸಿ ಮಾರೋರು. ಕಂಪನಿ ಮೇಲೆ ಜನಾನ ಎತ್ತಿಕಟ್ಟೋರಲ್ಲ. ಅವ್ರು ಏಜೆನ್ಸಿ ಕಿತ್ಕೊಂಡ್ರೆ ನೀನೂ ಮನೇಗೆ, ನಾನೂ ಮನೇಗೆ."

"ಮುಗೀತು ಅಂತ ಹೇಳಿದ್ದು ನನ್ನ ಬಾಯಿ, ಸಾರ್."

"ನೀನು ಬೇಕಂತ ಹೇಳಿದ್ದಲ್ವಲ್ಲ."

"ಅವ್ರ ಮನೆ ಅಂತೂ ಹೋಯ್ತಲ್ಲ."

ಯೋಕಮ್ ಫೋನು ಎತ್ತಿಕೊಂಡ. ಅವಳಿಗೆ ಆಗ ಇಪ್ಪತ್ತೇಳು ವರ್ಷ. ಗಂಡನಿಗೆ ಬೆನ್ನುನೋವು, ಕೆಲಸವಿಲ್ಲ. ಇದ್ದ ಒಂದು ಸಂಬಳ ಅವಳದೇ. ಆದರೂ ಶನಿವಾರ ಕಾರು ತೆಗೆದಳು.

ಕ್ಲಿಂಗರ್ ಸುಟ್ಟ ಮನೆಯ ಜಾಗವನ್ನು ಮಾರಿ, ನದಿ ದಂಡೆಯ ಮೇಲೆ ತಂಗಿಯ ಜಮೀನಿನಲ್ಲಿ ಗಾಲಿಮನೆಯೊಂದನ್ನು ನಿಲ್ಲಿಸಿಕೊಂಡು ಬದುಕುತ್ತಿದ್ದ. ಅವಳು ಹೋದಾಗ ಹಲಗೆಯ ಮೇಲೆ ಮೀನಿನ ಚರ್ಮ ಸುಲಿಯುತ್ತಿದ್ದ.

"ಬೈಬಲ್ ಮಾರೋಕ್ ಬಂದಿದ್ರೆ ನನ್ನತ್ರ ಆಗ್ಲೇ ಎರಡಿವೆ ಕಣಮ್ಮ."

"ನಾನು ವೆಲ್ಮಾ ಡೀನ್, ಯೋಕಮ್ ಅವ್ರ ಆಫೀಸಿನವ್ಳು. ನಿಮ್ಮ ಟೈಮು ಮುಗೀತು ಅಂದಿದ್ನಲ್ಲ, ಅದು ಸುಳ್ಳು. ಈ ಹಾಳೆ ಓದದೇನೇ ಹೇಳ್ಬಿಟ್ಟೆ. ಐದು ವರ್ಷ ಇದೆ. ಇನ್ನೂ ಹದಿನಾರು ತಿಂಗಳು ಉಳಿದಿದೆ, ಮಿಸ್ಟರ್ ಹೋಬರ್ಟ್."

ಕ್ಲಿಂಗರ್ ಚಾಕು ಕೆಳಗಿಟ್ಟ. ಮುಖ ಕೆಂಪಾಯಿತು.

"ಹೆಂಡ್ತಿ ಹೋದ್ಲು. ಜಾಗ ಮಾರ್ದೆ. ಮೂರು ವರ್ಷದಿಂದ ಈ ಡಬ್ಬದೊಳಗೆ ಬಿದ್ದಿದೀನಿ. ಈಗ ಬಂದು ಹಾಳೆ ತೋರಿಸ್ತೀಯಾ? ಇದಕ್ಕೇ ಏನು ನಿಂಗೆ ಸಂಬಳ ಕೊಡೋದು?"

ಅವಳು ತನ್ನನ್ನು ಸಮರ್ಥಿಸಿಕೊಳ್ಳಲಿಲ್ಲ, ಅಳಲೂ ಇಲ್ಲ. ಹಾಳೆ ಹಿಡಿದುಕೊಂಡು ಹಾಗೇ ನಿಂತಳು. ಕೊನೆಗೆ ಅವನೇ ಸೋತು, "ಕೂತ್ಕೋ. ಮೀನು ಕರೀತೀನಿ. ಖಾಲಿ ಹೊಟ್ಟೇಲಿ ಬೈಸ್ಕೊಂಡ್ರೆ ಮೈಗೆ ಹತ್ತಲ್ಲ," ಎಂದ.

ಊಟ ಮಾಡುತ್ತ ಅವಳು ಕೇಳಿದಳು, ಆ ಚಳಿಗಾಲ ಒಮ್ಮೆಯಾದರೂ ಮನೆಗೆ ಬಂದಿದ್ದಿರಾ ಎಂದು. ಕ್ಲಿಂಗರ್ ಯೋಚಿಸಿ ಹೇಳಿದ, "ಕ್ರಿಸ್‌ಮಸ್ಸಿಗೆ ಬಂದಿದ್ದೆ. ನಾಡೀನ್‌ಗೆ ಅವ್ಳು ಹಾಕಿಟ್ಟಿದ್ದ ಪೀಚ್ ಹಣ್ಣಿನ ಬಾಟ್ಲಿ ಬೇಕಂತೆ. ಎರಡು ರಾತ್ರಿ ಮಲಗಿದ್ದೆ. ಪಕ್ಕದ್ಮನೆ ಮಿಸ್ ಐಡಾ ಬೀನ್ಸೂ ಜೋಳದ ರೊಟ್ಟೀನೂ ತಂದ್ಕೊಟ್ಟಿದ್ಲು. ಆದ್ರೆ ಅದನ್ನ ಯಾರೂ ಕೇಳ್ಲಿಲ್ಲ."

ವೆಲ್ಮಾ ಡೀನ್ ಕೈಬೆರಳ ಮೇಲೆ ಎಣಿಸಿದಳು. ಕ್ರಿಸ್‌ಮಸ್ಸಿನಿಂದ ಬೆಂಕಿ ಬಿದ್ದ ದಿನಕ್ಕೆ ಐವತ್ತೂ ಚಿಲ್ಲರೆ ದಿನ. ಅರವತ್ತು ಆಗಿರಲೇ ಇಲ್ಲ! ಅಂದೇ ಸಂಜೆ ಇಬ್ಬರೂ ಮಿಸ್ ಐಡಾಳ ಬಾಗಿಲು ತಟ್ಟಿದರು. ಎಂಬತ್ತರ ಮುದುಕಿ ರೇಗಿದಳು: "ನೆನಪಿದೆಯಾ ಅಂತ ಕೇಳ್ತೀರಲ್ಲ! ನನ್ನ ಪಾತ್ರೆ ಇನ್ನೂ ವಾಪಸ್ ಕೊಟ್ಟಿಲ್ಲ ಇವ್ನು. ಅದೂ ಆ ಮನೆ ಜೊತೇಗೇ ಸುಟ್ಟೋಯ್ತು."

ಕಂಪನಿಯ ಮೇಲೆ ದಾವೆ ಹೂಡಲು ಜಿಲ್ಲಾ ಕೇಂದ್ರದ ವಕೀಲನೊಬ್ಬ ಮಿಸ್ ಐಡಾಳ ಮಾತನ್ನು ಬರೆಸಿ ಸಹಿ ಹಾಕಿಸಿದ. ಆ ಕ್ರಿಸ್‌ಮಸ್ ತಿಂಗಳ ವಿದ್ಯುತ್ ಬಿಲ್ಲಿನ ನಕಲು ತರಿಸಿದ. ಎರಡು ದಿನದಷ್ಟು ಒಲೆ, ದೀಪ ಉರಿದದ್ದು ಅದರಲ್ಲಿ ಕಾಣುತ್ತಿತ್ತು. ವೆಲ್ಮಾ ಡೀನ್ ಕೂಡ ತಾನು ತಪ್ಪು ಹೇಳಿದ್ದು ಯಾವ ದಿನ, ಯಾವ ಮಾತಿನಲ್ಲಿ ಎಂದು ಬರೆದು ಸಹಿ ಮಾಡಿದಳು. ಅದನ್ನು ಬರೆಯಬೇಡವೆಂದು ವಕೀಲನೇ ಹೇಳಿದ್ದ. ಅವಳು ಕೇಳಲಿಲ್ಲ.

ಎರಡು ವಾರ ಯೋಕಮ್ ಅವಳೊಂದಿಗೆ ಮಾತು ಬಿಟ್ಟ. ಮೂರನೇ ವಾರ ಕಂಪನಿಯ ಮುಖ್ಯ ಕಚೇರಿಯಿಂದ ಫೋನು ಬಂತು. ಅವಳು ಮೇಜಿನ ಖಾನೆಯಿಂದ ತನ್ನ ಸಾಮಾನು ತೆಗೆದು ಚೀಲಕ್ಕೆ ತುಂಬತೊಡಗಿದಳು. ಯಜಮಾನನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

"ಹೌದು, ನಮ್ಮ ಗುಮಾಸ್ತೆಯೇ," ಎನ್ನುತ್ತಿದ್ದ ಯೋಕಮ್. "ಇಲ್ಲ ಸ್ವಾಮಿ, ತೆಗೆಯಲ್ಲ. ಅವ್ಳೇನು ಕಥೆ ಕಟ್ಟಿದ್ಲಾ? ಹಾಳೆ ಅಚ್ಚು ಹಾಕ್ಸಿ ಕಳ್ಸಿದ್ದು ನೀವು. ಅವ್ಳು ಓದಿದ್ಲು. ನಾನೂ ನೀವೂ ಓದ್ಲಿಲ್ಲ, ಅಷ್ಟೇ ವ್ಯತ್ಯಾಸ."

ವೆಲ್ಮಾ ಡೀನ್ ಚೀಲದಿಂದ ಸಾಮಾನು ಒಂದೊಂದಾಗಿ ಮತ್ತೆ ಖಾನೆಗೆ ಇಟ್ಟಳು. ಆಮೇಲೆ ಅವಳು ಯಜಮಾನನ ಬಗ್ಗೆ ಯಾರು ಏನೇ ಆಡಿಕೊಂಡರೂ ಸುಮ್ಮನಿರುತ್ತಿರಲಿಲ್ಲ.

ಕೋರ್ಟಿನ ದಿನ ಬರುವ ಮೊದಲೇ ಕಂಪನಿ ಪೂರ್ತಿ ಹಣ ಕೊಟ್ಟಿತು. ಕ್ಲಿಂಗರ್ ಊರೊಳಗೆ ಎರಡು ಕೋಣೆಯ ಮನೆ ಕೊಂಡ, ಮಿಸ್ ಐಡಾಗೆ ಹೊಸ ಪಾತ್ರೆ ಕೊಡಿಸಿದ. ಹೊಸ ಮನೆಗೆ ಪಾಲಿಸಿ ಮಾಡಿಸಲು ಬಂದಾಗ ವೆಲ್ಮಾ ಡೀನ್ ರಾಜ್ಯದ ಹಾಳೆಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿ ಹೇಳಿದಳು. ಎರಡನೇ ಪುಟಕ್ಕೆ ಅವನು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿ ಮತ್ತೆ ಓದಿದಳು.

ಅಂದಿನಿಂದ ಪಾಲಿಸಿ ಕೊಳ್ಳಲು ಬಂದವರೆಲ್ಲ ಅದನ್ನು ಕೇಳಿಯೇ ಏಳಬೇಕಾಯಿತು. "ಚರ್ಚಲ್ಲಿ ಪಾದ್ರಿ ಇಷ್ಟು ಉದ್ದ ಹೇಳಲ್ಲ," ಎಂದು ಗೊಣಗುತ್ತಿದ್ದರು. ಅವಳು ನಗುತ್ತಿದ್ದಳು, ಒಂದು ಸಾಲೂ ಬಿಡುತ್ತಿರಲಿಲ್ಲ. ಸುಂಟರಗಾಳಿ ಊರಿನ ಪೂರ್ವದ ಕೇರಿಯನ್ನು ಗುಡಿಸಿಹಾಕಿದ ವರ್ಷ, ನೆಲಸಮವಾದ ಮನೆಗೆ ಪಾಲಿಸಿಯಲ್ಲಿ ಬರೆದ ಪೂರ್ತಿ ಮೊತ್ತ ಕೊಡಬೇಕೆಂಬ ಸಾಲು ಆ ಕೇರಿಯ ಹೆಂಗಸರಿಗೆ ಬಾಯಿಪಾಠವಾಗಿತ್ತು. ಸಮೀಕ್ಷೆಗೆ ಬಂದ ಹೊರರಾಜ್ಯದ ಅಧಿಕಾರಿಗೆ ಅವರೇ ಅದನ್ನು ಒಪ್ಪಿಸಿದರಂತೆ.

೨೦೧೬ರಲ್ಲಿ ಅವಳು ನಿವೃತ್ತಳಾದಳು. ಈಗಲೂ ಅವಳ ಮನೆಗೆ ಫೋನು ಬರುತ್ತದೆ. ಹೋದ ತಿಂಗಳು ಸೊಸೆಯ ಅಕ್ಕ ಮಿಸೌರಿಯಿಂದ ಕರೆ ಮಾಡಿ ಮನೆಯ ಸೂರು ಸುಟ್ಟಿತೆಂದು ಅತ್ತಳು. "ದಾವೆಗೆ ಎಷ್ಟು ದಿನ ಇರುತ್ತೆ ಹೇಳಿ, ಆಂಟಿ. ನಿಮಗೆ ಎಲ್ಲಾ ಗೊತ್ತು."

"ನಂಗೆ ಗೊತ್ತಿರೋದು ಆರ್ಕನ್ಸಾದ್ದು ಮಗಳೇ," ಎಂದಳು ವೆಲ್ಮಾ ಡೀನ್. "ನಿಮ್ಮ ಕಡೆ ಬೇರೆ ಇರುತ್ತೆ. ಅಳ್ತಾ ಕೂರ್ಬೇಡ. ಹೋಗಿ ಪಾಲಿಸಿ ತಗೊಂಡ್ಬಾ, ನಾನು ಲೈನಲ್ಲೇ ಇರ್ತೀನಿ."