ಬರ್ಮಾ ಕಲ್ಲಿನೊಳಗಿನ ಹುಳ

ನನ್ನ ಮಗಳಿಗೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರೊಬ್ಬರು ಒಂದು ಭಾನುವಾರ ಬಸವನಗುಡಿಯಿಂದ ಸೈಕಲ್ ತುಳಿದುಕೊಂಡು ಚಾಮರಾಜಪೇಟೆಯ ನಮ್ಮ ಮನೆಗೆ ಬಂದರು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆಯಲ್ಲಿ ಹುಳ ಇರುವ ಹಳದಿ ಕಲ್ಲಿದೆ ಅಂತ ಇವಳು ಕ್ಲಾಸಿನಲ್ಲಿ ಬಾಯಿ ಬಿಟ್ಟಿದ್ದಳು. ಕಲ್ಲನ್ನು ಮೇಷ್ಟ್ರ ಕೈಗೇನೋ ಕೊಟ್ಟೆ, ಆದರೆ ಎದುರಿಗೇ ಮಣೆ ಹಾಕಿಕೊಂಡು ಕೂತೆ. ಮೇಷ್ಟ್ರು ಒಳ್ಳೆಯವರೇ ಇರಬಹುದು. ಅವರ ಜೇಬು ಎಂಥದೋ ನನಗೇನು ಗೊತ್ತು?

ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. 'ಇದು ಜೇಡ ಅಲ್ಲಮ್ಮ' ಅಂದರು. ಜೇಡಕ್ಕೆ ಸೊಂಟ ಇರುತ್ತದಂತೆ, ಇದಕ್ಕೆ ಮೈಯೆಲ್ಲ ಒಂದೇ ಗುಂಡು. ಬಲೆ ನೇಯುವುದಕ್ಕೂ ಬರುವುದಿಲ್ಲವಂತೆ. ಮನುಷ್ಯ ಅನ್ನುವವನು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಯಾವುದೋ ಮರದ ಅಂಟಿನಲ್ಲಿ ಸಿಕ್ಕಿಕೊಂಡಿದೆ, ಅಂಟೇ ಗಟ್ಟಿಯಾಗಿ ಕಲ್ಲಾಗಿದೆ. ಈಗಲೂ ಇದರ ಸಂತಾನ ಇದೇ ರೂಪದಲ್ಲಿ ಬದುಕಿದೆ ಅಂದರು. ನನಗೆ ಅದು ಹೊಸದೇನಲ್ಲ. ನಮ್ಮ ಹಿತ್ತಲ ಬಾವಿಗೆ ಬಗ್ಗಿದರೆ ಗೋಡೆಯ ತುಂಬ ಅವೇ.

ಒಂದು ವಾರ ಕಲ್ಲನ್ನು ಕಾಲೇಜಿನಲ್ಲಿ ಇಟ್ಟುಕೊಳ್ಳಲೇ ಅಂತ ಕೇಳಿದರು. 'ಇಲ್ಲೇ ಎಷ್ಟು ಬೇಕಾದರೂ ನೋಡಿ ಸ್ವಾಮಿ, ಕಾಫಿ ಬೇಕಾದರೆ ಇನ್ನೊಂದು ಲೋಟ ಕೊಡ್ತೀನಿ' ಅಂದೆ. ಅವರು ನಕ್ಕು, 'ಒಂದು ಕಡೆ ಕರಕಲಾಗಿದೆಯಲ್ಲ, ಇದೇನು?' ಅಂದರು.

'ನಮ್ಮತ್ತೆ ಸುಟ್ಟಿದ್ದು' ಅಂದೆ. ಮಗಳು ನನ್ನ ಮುಖ ನೋಡಿದಳು. ಅವಳಿಗೂ ಅದನ್ನು ಸರಿಯಾಗಿ ಹೇಳಿರಲಿಲ್ಲ.

ನಮ್ಮದು ಪೇಟೆಯಲ್ಲಿ ಗ್ರಂಧಿಗೆ ಅಂಗಡಿ. ಬೇರು, ನಾರು, ಕಾಯಿ, ಅಂಟು, ಧೂಪ, ಎಲ್ಲ ಸಿಗುತ್ತಿತ್ತು. ಅದರಲ್ಲೂ ಧೂಪದ ಸಾಮಾನಿಗೆ ನಮ್ಮ ಅಂಗಡಿಯೇ ಹೆಸರುವಾಸಿ. ಸಾಂಬ್ರಾಣಿ, ರಾಳ, ಗುಗ್ಗುಳ, ಚಂದ್ರಸ ಮೂಟೆಗಟ್ಟಲೆ ಮನೆಗೇ ಬಂದು ಬೀಳುತ್ತಿದ್ದವು. ಹಸನು ಮಾಡುವುದು ಹೆಂಗಸರ ಕೆಲಸ. ನಾನು ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ನನ್ನ ಮುಂದೆ ಮೊರ ಇಟ್ಟು, 'ಕಣ್ಣು ನಂಬಬೇಡ, ವ್ಯಾಪಾರಿ ಮಾತು ನಂಬಬೇಡ. ಚೂರು ಕೆಂಡಕ್ಕೆ ಹಾಕು, ಮೂಗು ಹೇಳುತ್ತೆ' ಅಂದಿದ್ದರು. ಅವರ ಪಕ್ಕದಲ್ಲಿ ಯಾವಾಗಲೂ ಒಂದು ಕೆಂಡದ ಬಟ್ಟಲು. ಯಾವ ಮೂಟೆ ಬಂದರೂ ಒಂದು ಹರಳು ಅದರಲ್ಲಿ ಬೀಳಬೇಕು, ಹೊಗೆ ಏಳಬೇಕು, ಅತ್ತೆ ಮೂಗರಳಿಸಬೇಕು, ಆಮೇಲೇ ದುಡ್ಡಿನ ಮಾತು. ಬೆಣ್ಣೆ ತಂದವಳ ಬೆಣ್ಣೆಯನ್ನೂ ಕೆಂಡಕ್ಕೆ ಹಾಕಿ ನೋಡಿದ ಮಹಾತಾಯಿ ಅವರು. ಆ ಮನೆಯ ಅನ್ನ ತಿಂದು ನನಗೂ ಅದೇ ಬುದ್ಧಿ ಬಂತು.

ಅತ್ತೆಯ ಕಿರಿಯ ಮಗ, ನನ್ನ ಮೈದುನ, ಯುದ್ಧ ಶುರುವಾಗುವುದಕ್ಕೆ ಮುಂಚೆಯೇ ವ್ಯಾಪಾರ ಅಂತ ರಂಗೂನಿಗೆ ಹೋಗಿದ್ದ. ಜಪಾನಿನವರು ಬಾಂಬು ಹಾಕಿದರು, ಬರ್ಮಾದಿಂದ ಜನ ನಡೆದುಕೊಂಡು ಬರುತ್ತಿದ್ದಾರೆ ಅಂತ ಸುದ್ದಿ ಬಂತು. ಅವನ ಸುದ್ದಿ ಮಾತ್ರ ಇಲ್ಲ. ಅತ್ತೆ ಅಳಲಿಲ್ಲ, ಹರಕೆ ಹೊರಲಿಲ್ಲ. ದಿನಾ ಸಾಯಂಕಾಲ ಒಂದು ಬಟ್ಟಲು ಗಟ್ಟಿ ಮೊಸರನ್ನು ನೆಲುವಿನ ಮೇಲೆ ಎತ್ತಿಡುತ್ತಿದ್ದರು. 'ಅವನು ಹೊತ್ತಲ್ಲದ ಹೊತ್ತಲ್ಲಿ ಬರ್ತಾನೆ, ಮೊಸರಿಲ್ಲದಿದ್ರೆ ತಟ್ಟೆ ಬಿಟ್ಟು ಏಳ್ತಾನೆ' ಅನ್ನುವರು. ಮಾರನೇ ದಿನ ಅದು ಹುಳಿಯಾಗಿ ಮಜ್ಜಿಗೆಗೆ ಸೇರಿ, ಹೊಸ ಬಟ್ಟಲು ಮೇಲೆ ಹತ್ತುತ್ತಿತ್ತು. ನನ್ನ ಮಗಳು ಕೈಕೂಸು ಆಗ. ಅವಳಿಗೂ ಆ ಬಟ್ಟಲಿನಿಂದ ಒಂದು ಚಮಚ ಕೊಡುವ ಹಾಗಿರಲಿಲ್ಲ.

ಅವನು ಬರಲಿಲ್ಲ, ಅವಳು ಬಂದಳು.

ಮಧ್ಯಾಹ್ನ. ಬಾಗಿಲಲ್ಲಿ ಒಬ್ಬಳು ಹೆಂಗಸು, ಕಡ್ಡಿಯ ಹಾಗೆ ಒಣಗಿದವಳು. ಕಾಲಿಗೆ ಬಟ್ಟೆ ಸುತ್ತಿದ್ದಾಳೆ, ಹಣೆ ಬೋಳು. ನಮ್ಮ ಮನೆಯ ಹೆಸರು ಹೇಳಿ, ಅತ್ತೆಯ ಕಾಲಿಗೆ ಬಿದ್ದು, 'ನಾನು ನಿಮ್ಮ ಸಣ್ಣ ಮಗನ ಹೆಂಡ್ತಿರೀ' ಅಂದಳು. ಅವಳಪ್ಪ ಬಳ್ಳಾರಿ ಕಡೆಯಿಂದ ಹೋಗಿ ರಂಗೂನಿನಲ್ಲಿ ನೆಲೆಸಿದ್ದರಂತೆ, ನಮ್ಮವರೇ ಅಂತೆ, ಅಲ್ಲೇ ಮದುವೆಯಾಯಿತಂತೆ. ಅಮ್ಮನಿಗೆ ಎದುರು ನಿಂತೇ ಹೇಳುತ್ತೇನೆ, ಕಾಗದದಲ್ಲಿ ಹೇಳುವ ಧೈರ್ಯ ಇಲ್ಲ ಅಂತಿದ್ದನಂತೆ. ಕಾಡಿನ ದಾರಿಯಲ್ಲಿ ಭೇದಿಯಾಗಿ ತೀರಿಕೊಂಡನಂತೆ. ಎಲ್ಲ ಅಂತೆಗಳೇ. ಅತ್ತೆ ಕಲ್ಲಿನ ಹಾಗೆ ನಿಂತು ಕೇಳಿದರು. ಕೊನೆಗೆ, 'ಸುಳ್ಳು' ಅಂದರು, 'ನನ್ನ ಮಗನಿಗೆ ಮದುವೆಯೇ ಆಗಿಲ್ಲ. ಅವನು ಸತ್ತಿಲ್ಲ.'

ಆದರೂ ಬೀದಿಗೆ ನೂಕಲಿಲ್ಲ. ಹಿತ್ತಲ ಕಡೆಯ ಸೌದೆ ಕೋಣೆ ಖಾಲಿ ಮಾಡಿಸಿ ಅಲ್ಲಿಟ್ಟರು. ಊಟ ಅಲ್ಲಿಗೇ. ಅಡುಗೆಮನೆ, ದೇವರಮನೆ ಎರಡಕ್ಕೂ ಬರುವ ಹಾಗಿಲ್ಲ. ಜೊತೆಗೆ ಇನ್ನೊಂದು ಆಜ್ಞೆ, 'ನನ್ನ ಮಗ ಇರುವಾಗ ಬೋಳು ಹಣೆ ಇಟ್ಕೊಂಡು ನನ್ನ ಕಣ್ಣೆದುರು ಸುಳೀಬೇಡ.' ಹೆಂಡತಿಯೂ ಅಲ್ಲ, ವಿಧವೆಯೂ ಆಗಕೂಡದು ಅಂದರೆ ಆ ಹೆಂಗಸು ಏನು ಮಾಡಬೇಕು? ಅವಳು ವಿಭೂತಿ ಬಳಿದುಕೊಂಡು, ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಓಡಾಡಿದಳು.

ನಮ್ಮೆಜಮಾನರದು ಬೇರೆ ಗುಮಾನಿ. 'ಬರ್ಮಾದಿಂದ ಬಂದೆ ಅಂತ ಹೇಳಿಕೊಂಡು ಯಾರು ಯಾರೋ ಯಾವ ಯಾವುದೋ ಮನೆ ಸೇರ್ಕೊಳ್ತಿದಾರೆ. ನಾಳೆ ಪಾಲು ಕೇಳ್ತಾಳೆ ನೋಡ್ತಾ ಇರು' ಅಂತ ಪಿಸುಗುಟ್ಟುವರು. ಅತ್ತೆ ಅವಳಿಗೆ ಪ್ರಶ್ನೆ ಹಾಕುವುದೇ ಒಂದು ಕೆಲಸವಾಯಿತು. ಮಗನ ಗಾಯದ ಗುರುತು ಯಾವ ಮೊಣಕಾಲಿಗೆ? ಯಾವ ಪಲ್ಯ ಕಂಡರೆ ಆಗಲ್ಲ? ನಿದ್ದೆಯಲ್ಲಿ ಏನು ಬಡಬಡಿಸ್ತಾನೆ? ಅವಳು ಎಲ್ಲಕ್ಕೂ ಸರಿಯಾಗಿ ಹೇಳುವಳು. ಸರಿಯಾಗಿ ಹೇಳಿದಷ್ಟೂ ಅತ್ತೆಗೆ ಸಿಟ್ಟು. 'ಯಾರೋ ಚೆನ್ನಾಗಿ ಬಾಯಿಪಾಠ ಮಾಡಿಸಿ ಕಳಿಸಿದಾರೆ' ಅನ್ನುವರು.

ಅವಳ ಹತ್ತಿರ ಸಾಕ್ಷಿ ಅಂತ ಇದ್ದದ್ದು ಆ ಕಲ್ಲೊಂದೇ. ಸೊಂಟದ ಚೀಲದಲ್ಲಿ ಕಟ್ಟಿಕೊಂಡು ತಂದಿದ್ದಳು. ಬರ್ಮಾದ ತೃಣಮಣಿ. ಉಜ್ಜಿದರೆ ಹುಲ್ಲುಕಡ್ಡಿ ಎಳೆದುಕೊಳ್ಳುತ್ತದೆ, ಹಕೀಮರು ಔಷಧಿಗೆ ಕೊಳ್ಳುತ್ತಾರೆ, ನಮ್ಮ ಅಂಗಡಿಗೆ ಅಪರೂಪಕ್ಕೆ ಚೂರುಪಾರು ಬಂದದ್ದುಂಟು. ಇದು ಹುಣಸೆಬೀಜಕ್ಕಿಂತ ದೊಡ್ಡದು, ಜೇನಿನ ಬಣ್ಣ. ಒಳಗೆ ಮೆಣಸಿನ ಕಾಳಿನಷ್ಟು ಮೈ, ಕೂದಲಿನಂಥ ಉದ್ದ ಉದ್ದ ಕಾಲು. ಅಮ್ಮನಿಗೆ ಅಂತಲೇ ಅವನು ಕೊಂಡು ಇಟ್ಟುಕೊಂಡಿದ್ದನಂತೆ.

ಅತ್ತೆ ಅದನ್ನು ಬೆಳಕಿಗೆ ಹಿಡಿದವರೇ ನಕ್ಕುಬಿಟ್ಟರು. ನಕ್ಕರು ಅಂದರೆ, ಸಮಾಧಾನದಿಂದ. 'ಏನೇ, ನೋಡೇ ಇಲ್ಲಿ. ಇದು ನಮ್ಮ ಬಾವಿ ಹುಳ! ನಿನ್ನೆ ಮೊನ್ನೆ ಹಿಡಿದು, ಚಂದ್ರಸ ಕಾಯಿಸಿ ಎರಕ ಹೊಯ್ದಿದಾಳೆ. ಕಳ್ಳಿ!' ನಾನೂ ನೋಡಿದೆ. ಹೌದು, ಅದೇ ಹುಳ, ಅದೇ ಕಾಲು, ಅದೇ ಗುಂಡು ಮೈ. ಎಲ್ಲಿಯ ಬರ್ಮಾ, ಎಲ್ಲಿಯ ನಮ್ಮ ಹಿತ್ತಲು! ಚಂದ್ರಸವೂ ಅಂಟೇ, ಹಳದಿಯೇ, ಆದರೆ ಎಳೆಯದು, ಬಿಸಿಗೆ ಕರಗುತ್ತದೆ. ಅದರಲ್ಲಿ ಹುಳ ಹಾಕಿ ತೃಣಮಣಿ ಅಂತ ಮಾರುವ ಖದೀಮರು ಇದ್ದೇ ಇದ್ದರು. ನನಗೂ ಪೂರ್ತಿ ಅನುಮಾನ ಬಂತು.

ಆಮೇಲೆ ನಾನು ಅವಳ ಹಿಂದೆ ಬಿದ್ದೆ. ಅವಳು ಬಟ್ಟೆ ಒಗೆದರೆ ನೋಡುವೆ, ಕೂತರೆ ನೋಡುವೆ. ಒಂದು ದಿನ ಬಾವಿಗೆ ಬಗ್ಗಿ ನಿಂತಿದ್ದಾಳೆ. ಗೋಡೆಯಲ್ಲಿ ಆ ಹುಳಗಳು ಗುಂಪು ಕಟ್ಟಿಕೊಂಡಿದ್ದವು, ಹೆಂಗಸರು ತಲೆ ಬಾಚಿ ಸುತ್ತಿ ಬಿಸಾಡಿದ ಕೂದಲಿನ ಉಂಡೆಯ ಹಾಗೆ. ಇವಳು ಊದಿದರೆ ಇಡೀ ಉಂಡೆ ಒಟ್ಟಿಗೆ ಜೀಕುತ್ತಿತ್ತು. ಸಿಕ್ಕಿಬಿದ್ದಳು ಅಂದುಕೊಂಡು ಹೋಗಿ ಕೈ ಹಿಡಿದೆ. 'ಏನ್ ಮಾಡ್ತಿದೀಯ? ಇನ್ನೊಂದು ಕಲ್ಲು ತಯಾರು ಮಾಡ್ಬೇಕೇನು?'

ಅವಳು ಹೆದರಲಿಲ್ಲ. 'ಇಲ್ರೀ ಅಕ್ಕ. ಅವರು ಹೇಳ್ತಿದ್ರು, ನಮ್ಮ ಮನಿ ಬಾವ್ಯಾಗ ಇವನ ಅಣ್ತಮ್ಮಂದಿರು ಇದಾರ ಅಂತ. ಅದನ್ನ ನೋಡಿಯೇ ಕಲ್ಲು ಕೊಂಡ್ರಂತ. ಖರೇನ ಇದಾವಲ್ಲ ಅಂತ ನೋಡ್ತಿದ್ದೆ' ಅಂದಳು.

ನಾನು ಹಿಡಿದ ಕೈ ಬಿಟ್ಟೆ. ಆದರೂ ನಂಬುವುದಾ? ಛೆ ಛೆ! ಇಷ್ಟು ಚೆನ್ನಾಗಿ ಮಾತಾಡುವವಳನ್ನು ಅಷ್ಟು ಸುಲಭಕ್ಕೆ ನಂಬುತ್ತಾರೆಯೇ? ಎರಕ ಹೊಯ್ಯುವುದು ಆಗುತ್ತದೋ ಇಲ್ಲವೋ ನಾನೇ ನೋಡಿಬಿಡುತ್ತೇನೆ ಅಂತ ಸೆರಗು ಕಟ್ಟಿದೆ.

ಅತ್ತೆ ಮಠಕ್ಕೆ ಹೋದ ಹೊತ್ತು ನೋಡಿ ಮೂಟೆಯಿಂದ ಚಂದ್ರಸ ತೆಗೆದು, ಹಳೇ ತಗಡಿನ ಡಬ್ಬಿಯಲ್ಲಿ ಇದ್ದಿಲ ಒಲೆ ಮೇಲೆ ಕಾಯಿಸಿದೆ. ಬಾವಿಯಿಂದ ಹುಳ ಹಿಡಿಯಹೋದರೆ ಒಂದು ಕಾಲನ್ನು ನನ್ನ ಬೆರಳಲ್ಲೇ ಬಿಟ್ಟು ಓಡಿತು. ಕಿತ್ತ ಕಾಲು ಅಲ್ಲೇ ಪಟಪಟ ಅಂತ ಆಡುತ್ತಿತ್ತು, ಶಿವ ಶಿವಾ! ಹೇಗೋ ಒಂದನ್ನು ಹಿಡಿದು ಅಂಟು ಸುರಿದೆ. ಬಿಸಿಗೆ ಕಾಲೆಲ್ಲ ಹುರಿದ ಶಾವಿಗೆಯ ಹಾಗೆ ಸುರುಟಿಕೊಂಡಿತು, ಮೇಲೆಲ್ಲ ಗುಳ್ಳೆ. ಇನ್ನೊಂದನ್ನು ಆರಿದ ಮೇಲೆ ಹಾಕಿದೆ. ಅಂಟು ಆಗಲೇ ಬಿಗಿದಿತ್ತು, ಅದು ಮೇಲೇ ಕೂತಿತು. ಡಬ್ಬಿ ಹಾಳು, ಕೈ ಸುಟ್ಟದ್ದು ಬೇರೆ.

ಅವಳ ಕಲ್ಲನ್ನು ಇಸಕೊಂಡು ಬೆಳಕಿಗೆ ಹಿಡಿದೆ. ಅಲ್ಲಿ ಒಂದೊಂದು ಕಾಲೂ ಒಂದೊಂದು ದಿಕ್ಕಿಗೆ ನೀಟಾಗಿ ಚಾಚಿತ್ತು. ಒಂದು ಕಾಲು ಮಾತ್ರ ಮೈಬಿಟ್ಟು ಪಕ್ಕದಲ್ಲಿ ಒಂಟಿಯಾಗಿ ಬಿದ್ದಿತ್ತು. ನನ್ನ ಬೆರಳಲ್ಲಿ ಬಿಟ್ಟು ಓಡಿತಲ್ಲ, ಹಾಗೇ ಅದೂ ಕಾಲು ಕೊಟ್ಟು ಜೀವ ಉಳಿಸಿಕೊಳ್ಳಲು ನೋಡಿತ್ತು, ಆಗಿರಲಿಲ್ಲ. ಇದು ಮರವೇ ಹಿಡಿದ ಹುಳ, ಮನುಷ್ಯ ಹಿಡಿದದ್ದಲ್ಲ. ಯಾರೂ ಎರಕ ಹೊಯ್ದಿಲ್ಲ. ಅಂದರೆ ಅವಳು ಸುಳ್ಳು ಹೇಳಿಲ್ಲ. ಅಂದರೆ ನನ್ನ ಮೈದುನ ಇಲ್ಲ. ನಾನು ಅಲ್ಲೇ ಬಾವಿಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ.

ಅತ್ತೆ ಬಂದಾಗ ಸುರುಟಿದ ಹುಳದ ಡಬ್ಬಿಯನ್ನೂ ಕಲ್ಲನ್ನೂ ಮುಂದೆ ಇಟ್ಟೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ತಗ್ಗಿದ ದನಿಯಲ್ಲಿ, 'ನಿನಗೆ ಗೊತ್ತಾಗಲ್ಲ ಕಣೇ. ಇದು ನಿಜ ಅಂತಾದ್ರೆ ನನ್ನ ಮಗ ಹೋದ ಅಂತ ಆಯ್ತಲ್ಲ. ಸುಳ್ಳೇ ಆಗಿರಬೇಕು ಇದು' ಅಂದರು. ಆಮೇಲೆ ಸೆಟೆದು ಕೂತು, 'ಕಣ್ಣು ಸಾಲದು. ಕೆಂಡ ತಾ' ಅಂದರು.

'ಅತ್ತೆ, ಒಂದು ಚೂರು ಕೆತ್ತಿ ಹಾಕೋಣ' ಅಂದೆ.

'ಚೂರು ಮೋಸ ಮಾಡುತ್ತೆ. ಮೇಲೆ ನಿಜದ್ದು ಮೆತ್ತಿ ಒಳಗೆ ಸುಳ್ಳು ಇಟ್ಟಿದ್ರೆ?'

ಅವಳನ್ನೂ ಕರೆಸಿದರು. ಅವಳು ನಡುಮನೆಯ ಹೊಸಿಲಿನಾಚೆ ನಿಂತಳು, ಒಳಗೆ ಬಾ ಅಂತ ಯಾರೂ ಹೇಳಲಿಲ್ಲ. ಜಗತ್ತಿನಲ್ಲಿ ಅವಳಿಗೆ ಅಂತ ಉಳಿದಿದ್ದು ಆ ಕಲ್ಲು. ಅದನ್ನು ಅತ್ತೆ ಬಟ್ಟಲಿನ ಕೆಂಡದ ಮೇಲೆ ಇಟ್ಟುಬಿಟ್ಟರು. ಅವಳು ಬೇಡ ಅನ್ನಲಿಲ್ಲ, ಕೈ ಅಡ್ಡ ತರಲಿಲ್ಲ. ಅದು ನನಗೆ ಆಶ್ಚರ್ಯವಾಯಿತು.

ಚಂದ್ರಸವಾಗಿದ್ದರೆ ಆ ಕ್ಷಣವೇ ಕರಗಿ ಜಿಗುಟಾಗಿ ಹರಿಯಬೇಕಿತ್ತು. ಇದು ಹರಿಯಲಿಲ್ಲ. ಸ್ವಲ್ಪ ಹೊತ್ತಿಗೆ ತಳದಲ್ಲಿ ಕಪ್ಪಾಗಿ, ಬಿಳೀ ಹೊಗೆ ಎದ್ದಿತು. ದೇವದಾರು ಮರ ಸೀಳಿದಾಗ ಬರುತ್ತದಲ್ಲ, ಆ ಥರದ ಪರಿಮಳ. ಅತ್ತೆ ಮೂಗರಳಿಸಿದರು. ಆ ಮೂಗು ಎಂದೂ ತಪ್ಪಿದ್ದಿಲ್ಲ, ತಪ್ಪಲಿ ಅಂತ ಅವತ್ತು ನಾನು ಶಿವನನ್ನು ಬೇಡಿಕೊಂಡೆ. ಅವರ ಮುಖ ನೋಡನೋಡುತ್ತ ಕುಸಿಯಿತು.

ಹೊಸಿಲಿನಾಚೆಯಿಂದ ಅವಳು ಮೆಲ್ಲಗೆ ಅಂದಳು, 'ಅವರು ಹೇಳಿದ್ರು. ನಮ್ಮಮ್ಮ ಇದನ್ನ ಕೆಂಡಕ್ಕ ಹಾಕ್ತಾಳ, ಹಾಕ್ಲಿ, ಬೇಡ ಅನಬ್ಯಾಡ. ಹಂಗ ಹಾಕಿದ ಮ್ಯಾಲೇ ಆಕಿ ಯಾರನ್ನಾದ್ರೂ ಒಳಗ ತಗೊಳ್ಳೋದು ಅಂತ.'

ಅತ್ತೆ ಬರಿಗೈಯನ್ನೇ ಕೆಂಡಕ್ಕೆ ಹಾಕಿ ಕಲ್ಲನ್ನು ಎತ್ತಿಕೊಂಡರು. 'ಅಯ್ಯೋ ಅತ್ತೆ' ಅಂತ ನಾನು ಓಡಿ ನೀರು ತಂದೆ. ಕೈ ಕೊಡಲಿಲ್ಲ. ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡು ಕೂತಿದ್ದರು. ಹಾಗೇ ಅವಳನ್ನು ನೋಡಿ ಒಂದು ಪ್ರಶ್ನೆ ಕೇಳಿದರು. ಅಷ್ಟು ದಿನ ಕೇಳಿದ್ದೆಲ್ಲ ಪರೀಕ್ಷೆ, ಇದೊಂದು ಮಾತ್ರ ಅಲ್ಲ.

'ಕೊನೆಗೆ ಏನು ತಿಂದ?'

'ಅವಲಕ್ಕಿ ಅತ್ತೆ. ನೀರು ಕೆಟ್ಟಿತ್ತು ಅಂತ ನೆನೆಸಲಿಲ್ಲ, ಒಣದೇ ತಿಂದ್ರು. ಎರಡು ತುತ್ತು ತಿಂದು, ಮೊಸರಿದ್ದಿದ್ರ ಇಳೀತಿತ್ತು ಅಂದ್ರು.'

ಅತ್ತೆ ಎದ್ದರು. ಹೊಸಿಲಿನವರೆಗೆ ಹೋಗಿ, ಸುಟ್ಟ ಕೈಯಿಂದಲೇ ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡರು. ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ ಅನ್ನ ಬಡಿಸಿದರು. ನೆಲುವಿನ ಮೇಲಿಂದ ಮಗನ ಬಟ್ಟಲನ್ನು ಇಳಿಸಿ, ಅಷ್ಟೂ ಮೊಸರನ್ನು ಅವಳ ತಟ್ಟೆಗೆ ಸುರಿದು, 'ತಿನ್ನು' ಅಂದರು. ಅವಳು ಅಳುತ್ತ ತಿಂದಳು. ಅತ್ತೆ ಪಕ್ಕದಲ್ಲಿ ಕೂತು, ಅವಳು ಕೊನೆಯ ತುತ್ತು ನುಂಗುವವರೆಗೂ ನೋಡಿ, ಆಮೇಲೆ ಮಗನ ಹೆಸರು ಹಿಡಿದು ಗೋಳೋ ಅಂತ ಅತ್ತರು. ಅವತ್ತು ಸಾಯಂಕಾಲ ಮೊಸರು ಎತ್ತಿಡಲಿಲ್ಲ.