ಆಕಾಶ ಕಾಣುವ ಮಾಡು

ತೆಂಗಿನ ಹಸಿ ಮಡಲು ಬಿಸಿಲಿಗೆ ಬಾಡುವಾಗ ಒಂದು ವಾಸನೆ ಬರುತ್ತದೆ. ಈಚೆಗೆ ಪುಂಜಾಲಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರದೋ ಮದುವೆಯ ಚಪ್ಪರದಿಂದ ಅದು ಬಂತು. ಮಡಲಿನ ಚಪ್ಪರ ಹಾಕುವವರೇ ಈಗ ಅಪರೂಪ. ಬಸ್ಸು ಬಂದರೂ ನಾನು ಹತ್ತಲಿಲ್ಲ. ಮೂಗು ಅರಳಿಸಿಕೊಂಡು ಪೆದ್ದಿಯ ಹಾಗೆ ನಿಂತೇ ಇದ್ದೆ. ನಿಮಗೂ ಇಂಥ ಒಂದು ವಾಸನೆ ಇರಬಹುದು. ನನ್ನದು ನನ್ನನ್ನು ಪುತ್ತಿಗೆಯ ನಮ್ಮ ಮನೆಯಂಗಳಕ್ಕೆ, ಎಪ್ಪತ್ತರ ದಶಕದ ಒಂದು ಅಕ್ಟೋಬರಿಗೆ ಒಯ್ದು ಬಿಡುತ್ತದೆ. ಅಲ್ಲಿ ನಾನು ಹತ್ತು ವರ್ಷದ ಹುಡುಗಿ, ಅಪ್ಪನ ಗೂಢಚಾರಿಣಿ.

ಅದು ಭೂಮಸೂದೆಯ ಕಾಲ. ಗೇಣಿಗೆ ಉಳುವವರು ಡಿಕ್ಲರೇಶನ್ ಕೊಟ್ಟರೆ ಗದ್ದೆ ಅವರದಾಗುತ್ತಿತ್ತು. ನಮ್ಮ ಎರಡು ಗದ್ದೆ ಹಾಗೆ ಹೋಗಿದ್ದವು. ಹೋದದ್ದು ನ್ಯಾಯವೇ ಎಂದು ಇವತ್ತು ಅನಿಸುತ್ತದೆ, ಅವತ್ತು ಅನಿಸಿರಲಿಲ್ಲ. ಅಲ್ಲಿಂದ ಅಪ್ಪನಿಗೆ ಎಲ್ಲರ ಮೇಲೂ ಗುಮಾನಿ. ಯಾರಾದರೂ ಬೇಲಿಯ ಬದಿಯಲ್ಲಿ ಗೂಟ ಊರಿದರೆ, ದನ ಕಟ್ಟುವುದಕ್ಕೋ ಜಾಗ ಹಿಡಿಯುವುದಕ್ಕೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಆ ಕಣ್ಣು ನನಗೂ ಬಂದಿದೆ.

ನಮ್ಮ ಹಿತ್ತಿಲ ಆಚೆಯ ಬಿಡಾರದಲ್ಲಿ ಯೋಹಾನ ಮಾಸ್ತರರೂ ಅವರ ಹೆಂಡತಿ ಸುಗುಣಬಾಯಿಯೂ ಬಾಡಿಗೆಗೆ ಇದ್ದರು. ಮಕ್ಕಳಿಲ್ಲ. ಸಂಜೆ ಮಾಸ್ತರರು ನನಗೆ ಲೆಕ್ಕ ಹೇಳಿಕೊಟ್ಟು, ಲೆಕ್ಕ ಮುಗಿದ ಮೇಲೆ ಬೈಬಲಿನ ಹಳೆಯ ಹಬ್ಬಗಳ ಕಥೆ ಹೇಳುತ್ತಿದ್ದರು. ಬಾಗಿಲ ಚೌಕಟ್ಟಿಗೆ ಕುರಿಮರಿಯ ರಕ್ತ ಹಚ್ಚಿದ ಪಸ್ಕ, ಹುಳಿಯಿಲ್ಲದ ರೊಟ್ಟಿಯ ಹಬ್ಬ. ನಮ್ಮಲ್ಲಿ ಕಂಬಕ್ಕೆ ಹೊಸ ತೆನೆ ಕಟ್ಟಿದ ದಿನ ಅವರು ಅದನ್ನು ಮುಟ್ಟಿ ನೋಡಿ, "ಯೆಹೂದ್ಯರೂ ಮೊದಲ ತೆನೆಯನ್ನು ದೇವರಿಗೆ ಎತ್ತಿ ತೋರಿಸ್ತಿದ್ದರು. ಒಂದು ತೆನೆ ಬಂತು ಅಂದರೆ ಬಾಕಿ ಬೆಳೆಯೂ ಬರ್ತದೆ ಅಂತ ಧೈರ್ಯ. ಸತ್ತವರೊಳಗಿಂದ ಮೊದಲು ಎದ್ದ ಕ್ರಿಸ್ತ ನಮಗೆ ಆ ತೆನೆ," ಎಂದಿದ್ದರು. ನನಗೆ ಅರ್ಥವಾಗಿರಲಿಲ್ಲ. ಆದರೆ ಆ ಸ್ವರ ಕೇಳುತ್ತ ಕೂತಿರಲು ಎಷ್ಟು ಇಷ್ಟವಿತ್ತೆಂದರೆ, ಲೆಕ್ಕವನ್ನು ಬೇಗ ಬೇಗ ಮುಗಿಸುತ್ತಿದ್ದೆ.

ಆ ಅಕ್ಟೋಬರಿನಲ್ಲಿ ಮಾಸ್ತರರು ನಮ್ಮ ಜಾಗದ ಮೂಲೆಯಲ್ಲಿ ನಾಲ್ಕು ಕಂಬ ನೆಟ್ಟು, ಗಾಳಿಗೆ ಬಿದ್ದ ಹಸಿ ಮಡಲುಗಳನ್ನು ಹೆಣೆದು ಒಂದು ಗುಡಿಸಲು ಕಟ್ಟಿದರು. ಅಮ್ಮನನ್ನು ಕೇಳಿಯೇ ಕಟ್ಟಿದ್ದು. ಅಮ್ಮ ಅದನ್ನು ಅಪ್ಪನಿಗೆ ಹೇಳಲು ಹೆದರಿ ಸುಮ್ಮನಿದ್ದಳು. ಅಪ್ಪ ಮೂರು ದಿನ ಜಗಲಿಯಿಂದಲೇ ನೋಡಿದರು. ನಾಲ್ಕನೆಯ ದಿನ ನನ್ನನ್ನು ಕರೆದು, "ಮಗಾ, ಅವರು ಒಳಗೆ ಏನು ಮಾಡ್ತಾರೆ ನೋಡಿ ಬಾ," ಎಂದರು.

ಒಳಗೆ ಚಾಪೆ, ಗಂಜಿಯ ಬಟ್ಟಲು, ಬೈಬಲು. "ಇದು ಪರ್ಣಶಾಲೆಗಳ ಹಬ್ಬ. ನಮ್ಮ ಚರ್ಚಿನ ಸಭೆಯಲ್ಲಿ ಮಾಡುವ ಕ್ರಮ ಇಲ್ಲ, ಅಲ್ಲಿಯವರಿಗೂ ನನ್ನ ಮೇಲೆ ಸ್ವಲ್ಪ ಸಂಶಯ ಉಂಟು," ಎಂದು ಮಾಸ್ತರರು ನಕ್ಕರು. "ಅಡವಿಯಲ್ಲಿ ಗುಡಿಸಲು ಹಾಕಿ ಅಲೆದ ಯೆಹೂದ್ಯರು ಅದನ್ನು ಮರೆಯಬಾರದು ಅಂತ ಏಳು ದಿನ ಹೀಗೆ ಇರ್ತಿದ್ದರು. ಆಮೇಲೆ ದೇವರೇ ಇಂಥ ಗುಡಿಸಲಿಗೆ ಬಂದು ನಮ್ಮ ಜೊತೆ ವಾಸ ಮಾಡಿದ, ಮನುಷ್ಯನ ಮೈಯಲ್ಲಿ." ನಾನು ತಲೆಯ ಮೇಲಿನ ಮಾಡನ್ನು ನೋಡಿದೆ. ಮಡಲುಗಳ ನಡುವೆ ಅಂಗೈಯಗಲದ ಸಂದುಗಳು. "ಮಳೆ ಬಂದರೆ ಸೋರ್ತದಲ್ಲ ಮಾಷ್ಟ್ರೇ?" ಎಂದೆ. "ಸೋರಲಿ. ಮಾಡಿನಲ್ಲಿ ಆಕಾಶ ಕಾಣಬೇಕು ಅಂತ ಕ್ರಮ," ಎಂದರು.

ಅಪ್ಪನಿಗೆ ನಾನು ಹೇಳಿದ್ದು ಇಷ್ಟು: ಚಾಪೆ ಉಂಟು, ಊಟ ಅಲ್ಲೇ, ದೇವರು ಬಂದು ಅಲ್ಲಿ ವಾಸ ಮಾಡ್ತಾನಂತೆ. ಒಂದಕ್ಷರ ಸುಳ್ಳಿಲ್ಲ. ಅಪ್ಪನ ಮುಖ ಬಿಗಿಯಿತು. ಜನರನ್ನಾದರೂ ಎಬ್ಬಿಸಬಹುದು, ನಮ್ಮೂರಿನಲ್ಲಿ ಒಂದು ಜಾಗಕ್ಕೆ ದೇವರು ಬಂದು ಕೂತರೆ ಯಾರು ಎಬ್ಬಿಸುತ್ತಾರೆ?

ಮರುದಿನ ಬೆಳಿಗ್ಗೆ ಅಪ್ಪ ಇಬ್ಬರು ಆಳುಗಳನ್ನು ಕರೆದುಕೊಂಡು ಕತ್ತಿ ಹಿಡಿದು ಹೋದರು. ಮಾಸ್ತರರು ಅಡ್ಡ ಬರಲಿಲ್ಲ. ಪುಸ್ತಕವನ್ನು ಹೆಂಡತಿಯ ಕೈಗೆ ಕೊಟ್ಟು, "ಹಗ್ಗ ಕಡಿಯಬೇಡಿ, ಬಿಚ್ಚುವ," ಎಂದು ತಾವೇ ಗಂಟು ಬಿಚ್ಚತೊಡಗಿದರು. "ಇನ್ನು ಮೂರು ದಿನ ಬಿಟ್ಟು ನಾವೇ ಬಿಚ್ಚುವವರಿದ್ದೆವು. ಬಿಚ್ಚುವುದೇ ಹಬ್ಬ." ಅಪ್ಪ ಅದನ್ನೂ ನಂಬಲಿಲ್ಲ. ಮಡಲುಗಳನ್ನು ಸುಗುಣಬಾಯಿ ಕಟ್ಟು ಕಟ್ಟಿ ನಮ್ಮ ಬಚ್ಚಲೊಲೆಯ ಬಳಿ ತಂದಿಟ್ಟರು. ಒಂದು ವಾರ ಅವುಗಳಿಂದ ಕಾದ ನೀರಿನಲ್ಲೇ ಮಿಂದೆವು. ಕ್ರಿಸ್ಮಸ್ಸಿನೊಳಗೆ ಅವರು ವರ್ಗ ಮಾಡಿಸಿಕೊಂಡು ಬೆಳ್ತಂಗಡಿ ಕಡೆಗೆ ಹೋದರು. ಹೋಗುವಾಗ ನನ್ನ ತಲೆ ಸವರಿದರು. ನಾನು ಅತ್ತುಬಿಟ್ಟೆ. ಯಾಕೆಂದು ಯಾರಿಗೂ ಹೇಳಲಿಲ್ಲ. ಅವರನ್ನು ಮತ್ತೆ ಕಾಣಲಿಲ್ಲ.

ಎಂಬತ್ತರ ದಶಕದ ಕೊನೆಗೆ ನಮ್ಮ ಮನೆಯೂ ಪಾಲಾಯಿತು. ಹಂಚುಗಳನ್ನು ಒಂದೊಂದಾಗಿ ಇಳಿಸಿ ಚಿಕ್ಕಪ್ಪಂದಿರು ಹಂಚಿಕೊಂಡರು. ಹಂಚು ಹೊರುವ ಮರದ ಪಕ್ಕಾಸುಗಳಷ್ಟೇ ಉಳಿದ ಮಾಡಿನ ಕೆಳಗೆ, ಚಾವಡಿಯ ನೆಲದಲ್ಲಿ ಅಪ್ಪ ಬಹಳ ಹೊತ್ತು ಕೂತಿದ್ದರು. ಬಿಸಿಲು ಅವರ ಮೈಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. "ಮಾಸ್ತರರ ಗುಡಿಸಲಿನ ಮಾಡು ಗಟ್ಟಿ ಇತ್ತಾ ಮಗಾ?" ಎಂದು ಕೇಳಿದರು, ಇದ್ದಕ್ಕಿದ್ದಂತೆ.

"ಇಲ್ಲ ಅಪ್ಪ. ಆಕಾಶ ಕಾಣ್ತಿತ್ತು."

ಅಪ್ಪ ತಲೆ ಎತ್ತಿ ನೋಡಿದರು. "ಆಕಾಶ ಕಾಣುವ ಮಾಡಿನ ಕೆಳಗೆ ಯಾರು ಮಾರಾಯ್ತಿ ಜಾಗ ಹಿಡೀತಾರೆ? ಅದನ್ನು ಆವತ್ತು ಹೇಳಬಾರದಿತ್ತಾ?"

ಹೇಳಬಹುದಿತ್ತು. ನೋಡಿದ್ದನ್ನೆಲ್ಲ ಹೇಳಿದ್ದೆ; ಅದೊಂದನ್ನು ಮಾತ್ರ, ಹೇಳುವಂಥದ್ದಲ್ಲ ಎಂದು ಬಿಟ್ಟಿದ್ದೆ.